ನೀಲಿ ಹಗ್ಗ ಕಟ್ಟಿದ ಮರ

ಪತ್ರೊಡೆಗೆಂದು ಕೆಸುವಿನ ಎಲೆಗಳ ನಾರು ತೆಗೆಯುತ್ತಿದ್ದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡಿದ್ದರೂ ತುರಿಕೆ ಶುರುವಾಗಿತ್ತು. ಅಷ್ಟರಲ್ಲಿ ಸೌಮ್ಯಶ್ರೀ ಮೇಡಂ ಬಂದರು. ಬ್ರಹ್ಮಾವರದ ಕಡೆ ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವವರು. ಒಂದು ವಾರದಿಂದ ನಮ್ಮೂರಿನ ಸಸ್ಯಗಳ ಪಟ್ಟಿ ಮಾಡುತ್ತಿದ್ದರು. ಊರ ಹೆಸರು ನಾನು ಹೇಳುವುದು, ಪುಸ್ತಕದ ಹೆಸರು ಅವರು ಬರೆಯುವುದು.

"ಹ್ವಾಯ್ ಜಲಜಮ್ಮ, ಇದ್ ಎಂತ ಗಿಡ?" ಚೀಲದಿಂದ ಒಂದು ಬಳ್ಳಿ ತೆಗೆದರು.

"ಅದಾ? ಪೇಟಿಯರ್ ದುಡ್ ಕೊಟ್ ಚಟ್ಟಿಯಂಗೆ ನೆಡುದ್, ನಾವ್ ಕಿತ್ ಬಿಸಾಡುದ್."

ಅವರು ನಕ್ಕರು. "ಇನ್ ಕ್ಲಾಸ್ ನೀವೇ ತಕಣಿ."

"ನಾನ್ ರಾತ್ರಿ ಶಾಲಿಯಂಗೆ ಕಲ್ತದ್ ಮಾರಾಯ್ರೆ. ತೂಕಡ್ಸಿದ್ದೇ ಜಾಸ್ತಿ."

"ಆಸಾಡಿ ಅಮಾಸಿಗೆ ನಾಕೇ ದಿನ ಇಪ್ಪುದ್. ಹಾಲಿ ಮರಕ್ಕೂ ಕಾಸರಕಕ್ಕೂ ಬೋರ್ಡ್ ಹಾಕುವ. ಹಾಡಿಯಂಗೆ ಹಾಲಿ ಮರ ಎಲ್ಲಿತ್ತ್, ತೋರ್ಸಿ."

ನನ್ನ ಕೈಯಲ್ಲಿದ್ದ ಎಲೆ ಹರಿಯಿತು.

ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ, ಯಾರೊಡನೆಯೂ ಮಾತಾಡದೆ ಊರಂಚಿನ ಕಾಡಾದ ಹಾಡಿಗೆ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದಲೇ, ಹಾಲು ಒಸರುವ ಹಾಲೆ ಮರದ ತೊಗಟೆ ಎಬ್ಬಿಸಿ ತಂದು, ರಸ ತೆಗೆದು ಬರಿ ಹೊಟ್ಟೆಯಲ್ಲಿ ಕುಡಿಯುವುದು ನಮ್ಮ ಕಡೆಯ ಪದ್ಧತಿ. ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ಸಂಜೆಯೇ ಗುರುತು ಕಟ್ಟಿ ಬರುತ್ತಿದ್ದೆವು. ಇಪ್ಪತ್ತೆಂಟು ವರ್ಷದ ಹಿಂದೆ ಗುರುತು ಕಟ್ಟಿದವಳು ನಾನು. ತೊಗಟೆ ತಂದವಳು ನನ್ನ ವಾರಗಿತ್ತಿ ಸೀತು. ಮೊದಲು ಕುಡಿದವನು ಅವಳ ಗಂಡ ಚಂದಯ್ಯ. ಉಳಿದವರು ಲೋಟ ಎತ್ತುವ ಮೊದಲೇ ಅವನ ಮೈ ಬಿಲ್ಲಿನಂತೆ ಸೆಟೆಯಿತು. ಆಸ್ಪತ್ರೆಯ ದಾರಿಯಲ್ಲೇ ಹೋದ. ತಂದದ್ದು ಕಾಸರಕದ ತೊಗಟೆ, ವಿಷ.

"ಹಗ್ಗ ಕಟ್ಟಿದ್ ಮರದ್ದೇ ತಂದದ್ ಅಕ್ಕ, ನಿನ್ ಕಾಲ್ ಹಿಡಿತೆ, ನೀನಾರೂ ಹೇಳ್" ಎಂದು ಸೀತು ಬಿದ್ದು ಹೊರಳಾಡಿದಳು. ಹೋಗಿ ನೋಡುತ್ತೇವೆಂದು ಹೊರಟವರನ್ನು ನಾನೇ ತಡೆದೆ. "ನಾನ್ ಕಂಡ್ಕ ಬಂದಿದೆ. ಹಗ್ಗ ಹಾಲಿ ಮರದ್ ಮೇಲೇ ಇತ್ತ್" ಎಂದೆ.

ನಾನು ಹೋಗಿಯೇ ಇರಲಿಲ್ಲ.

ಸೀತುವನ್ನು ತವರಿಗೆ, ಬೈಂದೂರಿನ ಕಡಲ ಬದಿಗೆ ಅಟ್ಟಿದರು. ಅಲ್ಲಿಯೂ ಅವಳ ಕೈಯ ಚಾ ಕುಡಿಯಲು ಜನ ಹೆದರುತ್ತಿದ್ದರಂತೆ. ಎರಡು ವರ್ಷ ಕಳೆದು ರಾತ್ರಿ ಶಾಲೆಯಲ್ಲಿ ಟೀಚರು, ಯಾರಿಗಾದರೂ ಒಂದು ಪತ್ರ ಬರೆಯಿರಿ ಎಂದಾಗ ನಾನು ಸೀತುವಿಗೆ ಬರೆದೆ: 'ನೀನು ಮಾಡಿದ ತಪ್ಪನ್ನು ನಾನು ಕ್ಷಮಿಸಿದ್ದೇನೆ.' ಅಕ್ಷರ ದುಂಡಗಿದೆ ಎಂದು ಟೀಚರು ಹೊಗಳಿದರು. ವಿಳಾಸ ಬರೆದು ಸ್ಟಾಂಪು ಹಚ್ಚಿದೆ. ಹಾಕಲಿಲ್ಲ. ಟ್ರಂಕಿನಲ್ಲಿ ಸೀರೆಗಳ ಅಡಿ ಇಟ್ಟೆ.

ಮೇಡಂ ಕಾಯುತ್ತಿದ್ದರು. ಕೈ ತೊಳೆದು ಎದ್ದೆ.

ಹಾಡಿಯಲ್ಲಿ ಮಳೆ ಬಿಟ್ಟಿತ್ತು. ಕಾಲಿಗೆ ದಾರಿ ನೆನಪಿತ್ತು. "ಇಕಾ, ಇದೇ" ಎಂದು ತೋರಿಸಿದೆ. ಮೇಡಂ ಕಲ್ಲು ಹೆಕ್ಕಿ ತೊಗಟೆಗೆ ಎರಡೇಟು ಹಾಕಿ ಬಗ್ಗಿ ನೋಡಿದರು.

"ಹಾಲ್ ಬರ್ಲಿಲ್ಲೆ, ಜಲಜಮ್ಮ."

ಆ ಬೆಳಿಗ್ಗೆ ತೊಗಟೆಯ ಕಟ್ಟು ಕೆಳಗಿಟ್ಟು ಸೀತುವೂ ಅದನ್ನೇ ಹೇಳಿದ್ದಳು. "ಮಳಿಗೆ ತೊಳ್ದ್ ಹೋಯಿರತ್ತ್. ಬಾಯ್ ಮುಚ್ಕಂಡ್ ಜಜ್ಜ್" ಎಂದಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

"ಇದ್ ಕಾಸರಕ" ಎಂದು ಮೇಡಂ ಒಂದು ಗೆಲ್ಲು ಬಗ್ಗಿಸಿದರು. "ಕಾಣಿ, ಎಲಿ ಎದ್ರಾ ಬದ್ರಾ ಎರಡೇ. ನರ ಎದ್ ಕಾಣತ್ತ್. ಹಾಲಿ ಆಚಿದ್, ಅದ್ರದ್ ಒಂದೇ ಕಡಿ ಏಳೇಳ್ ಎಲಿ. ಕೊಂಬಿ ಎರಡೂ ಹೆಣ್ಕಂಡಿತ್ತ್. ಸಂಜಿ ಹೊತ್ತಿಗೆ ಯಾರಿಗಾರೂ ತಪ್ಪತ್ತ್."

ಸಂಜೆಯಲ್ಲಿ ತಪ್ಪಿತು. ಬೆಳಿಗ್ಗೆ ಹಾಲು ಬರಲಿಲ್ಲ ಎಂದು ತಿಳಿದ ಮೇಲೂ?

"ಇದೆಂತ, ಮರ ಹಗ್ಗ ನುಂಗಿತ್ತಲೆ!" ಅವರ ಬೆರಳು ಕಾಂಡದ ಸುತ್ತ ಒಂದು ಸೀಳಿನಲ್ಲಿ ಓಡಿತು. ಒಳಗೆ ನೀಲಿ ನೈಲಾನಿನ ಬಲೆಹಗ್ಗ. ಸೀತುವಿನ ತವರಿನಿಂದ ಬಂದ ಒಣಮೀನಿನ ಕಟ್ಟು ಬಿಚ್ಚಿ ನಾನು ತೆಗೆದಿಟ್ಟುಕೊಂಡಿದ್ದ ತುಂಡು. ಮೇಲೆ ತೊಗಟೆ ಬೆಳೆದಿತ್ತು. ಗಂಟು ಮಾತ್ರ ಹೊರಗಿತ್ತು.

"ಯಾರೋ ದನ ಕಟ್ಟಿರ್ಕ್" ಎಂದರು.

"ಅಲ್ಲ. ನಾನ್ ಕಟ್ಟಿದ್ದ್."

ಮೇಡಂ ನನ್ನ ಮುಖ ನೋಡಿದರು. 'ಕಾಸರಕ. ವಿಷ' ಎಂಬ ಬೋರ್ಡನ್ನು ಗಂಟಿನ ಮೇಲೆಯೇ ಕಟ್ಟಿದರು.

ಮನೆಯಲ್ಲಿ ಕೆಸುವಿನ ಎಲೆ ಬಾಡಿ ಬಿದ್ದಿತ್ತು. ಟ್ರಂಕು ತೆಗೆದೆ. ಹೊಸ ಹಾಳೆ ಹುಡುಕಲಿಲ್ಲ. ನಾನು ಮೊದಲು ಏನು ಬರೆದಿದ್ದೆನೆಂಬುದೂ ಸೀತುವಿಗೆ ತಿಳಿಯಲಿ. ಕ್ಷಮಿಸಿದ ಸಾಲಿನ ಮೇಲೆ ಗೀಟು ಎಳೆದು ಕೆಳಗೆ ಬರೆದೆ: 'ಹಗ್ಗವನ್ನು ಕಾಸರಕಕ್ಕೆ ಕಟ್ಟಿದ್ದು ನಾನು. ಹಾಲು ಬರಲಿಲ್ಲ ಎಂದು ನೀನು ಹೇಳಿದ್ದೆ. ನಾನು ಬಾಯಿ ಮುಚ್ಚಿಸಿದೆ. ನೋಡಿ ಬಂದೆ ಎಂದದ್ದು ಸುಳ್ಳು.' ಈ ಸಲ ಅಕ್ಷರ ದುಂಡಗೆ ಬರಲಿಲ್ಲ. ಸೀತುವಿಗೆ ಓದಲು ಬಾರದು. ಕೇರಿಯವರು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಓದಲಿ.

ಹಾಲಾಡಿಯ ಅಂಚೆ ಕಚೇರಿಯಲ್ಲಿ ರತೀಶ್ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದ್ ಯಾವ್ ಕಾಲದ್ ಸ್ಟಾಂಪ್ ಅಮ್ಮ? ಸಾಲುದಿಲ್ಲೆ. ನಾಳೆ ಹೊಸ ಕವರ್ ತಕಂಡ್ ಬನ್ನಿ."

"ನಾಳಿಗ್ ಬಪ್ಪುಕ್ ಆತಿಲ್ಲೆ ಮಗಾ. ಇನ್ನೊಂದ್ ಅಂಟ್ಸ್."

ಅವನು ಅಂಟಿಸಿ, ಮೊಹರು ಗುದ್ದಿ, ಬೈಂದೂರಿನ ಚೀಲಕ್ಕೆ ಎಸೆದ.