ನಾನು ಹುಲ್ಲಾಗಿದ್ದ ನಾಟಕ

ನಮ್ಮ ಸ್ಕೂಲಿಗೆ ಇದ್ದದ್ದು ಒಂದೇ ಕೋಣೆ. ನಾಲ್ಕು ತರಗತಿಗಳೂ ಒಂದೊಂದು ಮೂಲೆ ಹಿಡಿದು ಕೂರುತ್ತಿದ್ದವು. ಒಂದನೆಯವರು ಮಗ್ಗಿ ಕೂಗಲು ಶುರುಮಾಡಿದರೆ ನಾಲ್ಕನೆಯವರಾದ ನಮಗೆ ಭೂಗೋಳ ಕೇಳಿಸುತ್ತಿರಲಿಲ್ಲ. ಬೇಲೂರಿನಿಂದ ಬಂದು ನಮ್ಮೂರಲ್ಲೇ ಮನೆ ಮಾಡಿದ್ದ ಸುಬ್ಬರಾಮಯ್ಯ ಮೇಷ್ಟ್ರಿಗೆ ಭೂಗೋಳವೆಂದರೆ ಪ್ರಾಣ. ಹೀಗಾಗಿ ಅವರಿಗೆ ಇನ್ನೊಂದು ಕೋಣೆ ಬೇಕೇ ಬೇಕಾಗಿತ್ತು.

ಕೊಡಬಲ್ಲವರು ಊರಿನಲ್ಲಿ ರಾಮಣ್ಣನವರೊಬ್ಬರೇ. ಅವರ ಹಳೆ ಹೆಂಚಿನ ಮನೆಯಲ್ಲಿ ಕೊಬ್ಬರಿ ಬಿಟ್ಟರೆ ಯಾರೂ ವಾಸವಿರಲಿಲ್ಲ. ಸ್ಕೂಲ್ ಡೇಗೆ ತಾಲ್ಲೂಕಿಗೇ ದೊಡ್ಡವರಾದ ಬೇಲೂರಿನ ಅಮಲ್ದಾರರನ್ನು ಕರೆಸಿದರೆ, ಅವರೆದುರೇ ಆ ಮನೆಯ ಬೀಗದ ಕೈ ಕೊಡುತ್ತೇನೆಂದು ರಾಮಣ್ಣ ಒಪ್ಪಿದರು. ಮಗಳು ಜಾನಕಿಗೆ ನಾಟಕದಲ್ಲಿ ಒಳ್ಳೆ ಪಾರ್ಟು ಕೊಡಬೇಕು, ಅಷ್ಟೇ.

ಬೇರೆ ಊರುಗಳಲ್ಲಿ ಸ್ಕೂಲ್ ಡೇಗೆ ಪುರಾಣದ ಕಥೆ ಆಡಿಸುತ್ತಾರೆ. ನಮ್ಮ ಮೇಷ್ಟ್ರು ಭೂಗೋಳವನ್ನೇ ಆಡಿಸಲು ಹೊರಟರು. ಮರುಭೂಮಿ, ಹಿಮದ ನಾಡು, ಮಳೆಕಾಡು, ಹುಲ್ಲುಗಾವಲು. ಅಲ್ಲಲ್ಲಿನ ಗಿಡ, ಪ್ರಾಣಿಗಳು ಬಂದು ತಮ್ಮ ಪರಿಚಯ ಹೇಳಿಕೊಂಡು ಹೋಗಬೇಕು. ಜಾನಕಿ ಆಫ್ರಿಕದ ಜಿಂಕೆ. ದಿನಾ ದನ ಮೇಯಿಸಿ ಆಮೇಲೆ ಸ್ಕೂಲಿಗೆ ಬರುತ್ತಿದ್ದ ಚನ್ನಪ್ಪ ಸಿಂಹ. ನಾನು ಹುಲ್ಲು.

ಹುಲ್ಲಿಗೆ ಒಂದು ಮಾತೂ ಇಲ್ಲವೆಂದು ತಿಳಿದು ನಮ್ಮವ್ವ ಹುಚ್ಚಮ್ಮ ಮೇಷ್ಟ್ರನ್ನು ಕೇಳಲು ಹೋದಳು. ಹುಲ್ಲಿಲ್ಲದಿದ್ದರೆ ಜಿಂಕೆ ಇಲ್ಲ, ಜಿಂಕೆ ಇಲ್ಲದಿದ್ದರೆ ಸಿಂಹವೂ ಇಲ್ಲ, ಆದ್ದರಿಂದ ನಾಟಕದ ಜೀವವೇ ನಾನು ಎಂದು ಅವರು ವಿವರಿಸಿದರಂತೆ. ಅವ್ವ ಮನೆಗೆ ಬಂದು, ಅಲ್ಲಾಡದೆ ಮಲಗಿರು ಎಂದಳು. ನನಗೆ ಅಳು ಬಂತು.

ನಾಟಕದ ದಿನ ಅಮಲ್ದಾರರು ಒಂದು ಕುರ್ಚಿಯಲ್ಲಿ, ರಾಮಣ್ಣ ಪಕ್ಕದ ಕುರ್ಚಿಯಲ್ಲಿ, ಬೀಗದ ಕೈ ರಾಮಣ್ಣನವರ ಜೇಬಿನಲ್ಲಿ. ಒಂಟೆಯ ಡುಬ್ಬಕ್ಕೆಂದು ಕಟ್ಟಿದ್ದ ದಿಂಬು ಮಾತಿನ ನಡುವೆ ಹೊಟ್ಟೆಗೆ ಜಾರಿತು. ಒಂಟೆ ಅದನ್ನು ತಬ್ಬಿಕೊಂಡೇ, ನೀರಿಲ್ಲದೆ ಹೇಗೆ ಬದುಕುತ್ತೇನೆಂದು ಹೇಳಿ ಮುಗಿಸಿತು. ಹಿಮಕರಡಿಯ ಬಾಯಿಗೆ ಮೈಮೇಲಿನ ಹತ್ತಿ ಹೋಗಿ, ಅದು ಕೆಮ್ಮುತ್ತಲೇ ನಿರ್ಗಮಿಸಿತು. ಮಳೆಕಾಡಿಗೆಂದು ಅರೇಹಳ್ಳಿಯಿಂದ ಬಸ್ಸಿನ ಮೇಲೆ ತರಿಸಿದ್ದ ಸೊಪ್ಪನ್ನು ಮಧ್ಯಾಹ್ನವೇ ಮೇಕೆಗಳು ತಿಂದಿದ್ದವು. ಹೀಗಾಗಿ ಮಳೆಕಾಡಿನಲ್ಲಿ ಮಂಗ ಮಾತ್ರ ಇತ್ತು. ಅಮಲ್ದಾರರು ಎಲ್ಲಕ್ಕೂ ಒಂದೇ ಸಮ ತಲೆದೂಗಿದರು.

ಕೊನೆಗೆ ಹುಲ್ಲುಗಾವಲು. ನಾನು ಒಣಹುಲ್ಲು ಹೊದ್ದು ಮಲಗಿದೆ. ಈ ಹುಲ್ಲುಗಾವಲನ್ನು ಉತ್ತವರು ಯಾರು ಎಂದು ಜಿಂಕೆ ಕೇಳಬೇಕು, ದುರಾಸೆಯ ಮಾನವ ಎಂದು ಸಿಂಹ ಉತ್ತರಿಸಬೇಕು. ಅಲ್ಲಿಗೆ ಮಂಗಳ.

ಆದರೆ ನಮ್ಮೂರಲ್ಲಿ ಹುಲ್ಲುಗಾವಲು ಎಂದು ಯಾರೂ ಅನ್ನುತ್ತಿರಲಿಲ್ಲ. ಕಾವಲು ಎನ್ನುತ್ತಿದ್ದೆವು. ಊರ ಹಿಂದೆ ಸರ್ಕಾರದ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಬಯಲೇ ಕಾವಲು. ಅದರ ಅಂಚನ್ನು ವರ್ಷಕ್ಕಿಷ್ಟು ಉತ್ತು ರಾಮಣ್ಣ ರಾಗಿ ಬೆಳೆಯುತ್ತಿದ್ದರು. ಊರಿಗೆಲ್ಲ ಇದು ಗೊತ್ತಿತ್ತು. ಮೇಷ್ಟ್ರಿಗೆ ಆಫ್ರಿಕ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಅಷ್ಟು ಜನರನ್ನು ಕಂಡು ಜಾನಕಿಗೆ ಪುಸ್ತಕದ ಮಾತು ಮರೆತೇಹೋಯಿತು. ಹೇಳಿಕೊಡೋಣವೆಂದರೆ ಹುಲ್ಲಿಗೆ ಮಾತಿಲ್ಲ. ಕೊನೆಗೆ ಅವಳು ತನಗೆ ಬಂದಂತೆ ಕೇಳಿದಳು:

“ಈ ಕಾವ್ಲ ಉತ್ತೋರು ಯಾರೋ?”

ಚನ್ನಪ್ಪನಿಗೆ ಇದು ನಾಟಕದ ಪ್ರಶ್ನೆ ಅನ್ನಿಸಲಿಲ್ಲ.

“ನಿಮ್ಮಪ್ಪ ಕಣೇ,” ಎಂದಿತು ಸಿಂಹ.

ಅಮಲ್ದಾರರು ಮೊದಲ ಸಲ ನಾಟಕದಲ್ಲಿ ಆಸಕ್ತಿ ತೋರಿಸಿದರು. ಈ ಜಿಂಕೆ ಯಾರ ಮಗಳು ಎಂದು ಪಕ್ಕದಲ್ಲಿದ್ದ ರಾಮಣ್ಣನವರನ್ನೇ ವಿಚಾರಿಸಿದರು.

ಮರುದಿನ ಶಾನುಭೋಗರು ಅಳತೆಯ ಸರಪಳಿ ಹಿಡಿದು ಕಾವಲಿಗೆ ಹೋದರು. ರಾಗಿ ಕುಯ್ದ ಮೇಲೆ ನೆಲ ಬಿಟ್ಟುಬಿಡಬೇಕು ಎಂದಾಯಿತು. ಬೀಗದ ಕೈ ಜೇಬಿನಿಂದ ಹೊರಗೆ ಬರಲೇ ಇಲ್ಲ. ಮೇಷ್ಟ್ರು ಭೂಪಟ ಸುತ್ತಿಕೊಂಡು ರಾಮಣ್ಣನವರ ಮನೆಗೆ ಹೋಗಿ, ತಾವು ಬರೆದದ್ದು ಬರೀ ಆಫ್ರಿಕದ ವಿಷಯವೆಂದು ಬೆರಳಿಟ್ಟು ತೋರಿಸಿದರು.

“ಹಂಗಾರೆ ಆಫ್ರಿಕದಾಗೇ ಇಸ್ಕೂಲ್ ಕಟ್ಟಿಸ್ಕಳಿ, ಮೇಷ್ಟ್ರೇ,” ಎಂದರು ರಾಮಣ್ಣ.

ಮೇಷ್ಟ್ರು ಭೂಪಟವನ್ನು ಕಂಕುಳಲ್ಲಿಟ್ಟುಕೊಂಡು ವಾಪಸು ಬಂದರು. ಚನ್ನಪ್ಪ ಒಂದು ವಾರ ಸ್ಕೂಲಿನ ಕಡೆ ಸುಳಿಯಲಿಲ್ಲ.

ಉಳದೆ ಬಿಟ್ಟ ನೆಲದಲ್ಲಿ ಮುಂಗಾರಿಗೂ ಮುಂಚಿನ ಮಳೆಗೇ ಹುಲ್ಲು ಬಂತು. ವಾರ್ಷಿಕ ಪರೀಕ್ಷೆಯಲ್ಲಿ ಮೇಷ್ಟ್ರು ಹುಲ್ಲುಗಾವಲು ಎಂದರೇನು ಎಂದು ಕೇಳಿದರು. ನಾವೆಲ್ಲ ಆಫ್ರಿಕ ಬರೆದೆವು. ಪಕ್ಕದಲ್ಲಿ ಕೂತಿದ್ದ ಜಾನಕಿ ಸ್ಲೇಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮಪ್ಪ ಉಳದೆ ಬಿಟ್ಟ ಜಾಗ’ ಎಂದು ಬರೆದದ್ದನ್ನು ನಾನು ನೋಡಿದೆ.

ಮೇಷ್ಟ್ರು ಅದನ್ನು ಓದಿದರು. ಪೂರ್ತಿ ಅಂಕ ಕೊಟ್ಟರು. ನಾಲ್ಕನೇ ತರಗತಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿಯೂ ಹೇಳಿದರು. ಆ ಹೊತ್ತಿಗೆ ಒಂದನೆಯವರು ಮಗ್ಗಿ ಶುರುಮಾಡಿದ್ದರು. ಯಾರಿಗೂ ಕೇಳಿಸಲಿಲ್ಲ.