ಹತ್ತಿ, ಮಸಿ ಮತ್ತು ಪಕ್ಕದ ಮನೆಯ ನಾಯಿಗಳು

"ನಮ್ ನಾಯಿ ಏನೂ ಮಾಡಲ್ಲ!"

ಈ ಮಾತನ್ನು ಕೇಳದವರು ಯಾರಿದ್ದಾರೆ ಹೇಳಿ? ಗೇಟಿನ ಹತ್ತಿರ ನಾಯಿ ಹಲ್ಲು ಕಿರಿದು ನಿಂತಿರುತ್ತದೆ. ನಮ್ಮ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಒಳಗಿನಿಂದ ಯಜಮಾನರ ದನಿ ಮಾತ್ರ ಆರಾಮಾಗಿ ತೇಲಿ ಬರುತ್ತದೆ. ನಮ್ಮ ಸೈಕಲ್ ರಿಪೇರಿಯವನೂ ಈ ಮಾತು ಕೇಳಿ ಕೇಳಿ ಸುಮ್ಮನಾದವನೇ. ಸುಮ್ಮನಿದ್ದುದರಿಂದ ಏನಾಯಿತು, ಆಮೇಲೆ ಸಿಟ್ಟಿನಲ್ಲಿ ಅವನು ಏನು ಮಾಡಹೊರಟಿದ್ದ ಎಂಬುದೇ ಈ ಕಥೆ.

ಅವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬಾ ಟೈರು, ಟ್ಯೂಬು, ನೆಲದ ತುಂಬಾ ಗ್ರೀಸು. ಹಿಂದೆ ಒಂದು ಪುಟ್ಟ ಹಿತ್ತಲು. ಹಿತ್ತಲಿನ ಪಕ್ಕಕ್ಕೆ ಸೊಂಟದೆತ್ತರದ ಗೋಡೆ. ಗೋಡೆಯಾಚೆ ಬೇಕರಿಯವನ ಮನೆ.

ಹಿಂದಿನ ವರ್ಷ ಸೈಕಲ್‌ನವನ ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬೆರಳುಗಳು ಮುಷ್ಟಿ ಕಟ್ಟಿಕೊಂಡಿದ್ದವು. ಹಿಸುಕಿ ಹಿಸುಕಿ ಬೆರಳು ಸಡಿಲ ಮಾಡಿಕೊಳ್ಳಿ ಎಂದು ಆಸ್ಪತ್ರೆಯವರು ಒಂದು ರಬ್ಬರ್ ಚೆಂಡು ಕೊಟ್ಟರು. "ನಾನೇನು ಹಸುಗೂಸಾ?" ಎಂದು ಅಮ್ಮ ಅದನ್ನು ಮಂಚದ ಕೆಳಗೆ ಎಸೆದರು. ಆಗ ಅವನ ಹೆಂಡತಿಯ ತಂಗಿ ಒಂದು ಉಪಾಯ ಮಾಡಿದಳು. ಅವಳು ಪಶು ಆಸ್ಪತ್ರೆಯಲ್ಲಿ ಡಾಕ್ಟರು. ರಟ್ಟಿನ ಡಬ್ಬದಲ್ಲಿ ಎರಡು ಮೊಲದ ಮರಿಗಳನ್ನು ತಂದು ಅಮ್ಮನ ಮಡಿಲಲ್ಲಿಟ್ಟಳು.

"ಅತ್ತೆ, ಇವಕ್ಕೆ ದಿನಾ ಮೈ ಬಾಚಬೇಕು. ಇಲ್ದಿದ್ರೆ ಕೂದಲು ನುಂಗಿ ಹೊಟ್ಟೆ ಕೆಡಿಸ್ಕೊಳ್ತವೆ. ನನಗೆ ಪುರುಸೊತ್ತಿಲ್ಲ, ನಮ್ಮಕ್ಕನಿಗೆ ತಾಳ್ಮೆ ಇಲ್ಲ, ಭಾವನ ಕೈ ತುಂಬಾ ಗ್ರೀಸು. ನೀವೇ ಇವಕ್ಕೆ ದಿಕ್ಕು."

ಬಿಳಿಯದಕ್ಕೆ ಹತ್ತಿ ಎಂದು ಹೆಸರಾಯಿತು, ಕರಿಯದಕ್ಕೆ ಮಸಿ ಎಂದು. ಅಮ್ಮ ಮೊದಮೊದಲು ಎಡಗೈಯಲ್ಲಿ ಬಾಚಿದರು. ಆಮೇಲೆ ಬಲಗೈಯನ್ನು ಮೊಲದ ಬೆನ್ನ ಮೇಲೆ ಸುಮ್ಮನೆ ಇಟ್ಟುಕೊಳ್ಳತೊಡಗಿದರು. ಆ ಬೆಚ್ಚಗಿನ ಮೈ ಮೇಲೆ ಬೆರಳುಗಳು ಒಂದೊಂದೇ ಬಿಚ್ಚಿಕೊಂಡವು. ಒಂದು ದಿನ ಅಮ್ಮ ಅದೇ ಕೈಯಲ್ಲಿ ಲೋಟ ಹಿಡಿದು ನೀರು ಕುಡಿದಾಗ ಮಗ ಬಾಗಿಲ ಮರೆಗೆ ಹೋಗಿ ಕಣ್ಣೊರೆಸಿಕೊಂಡ. ಕೆನ್ನೆಯ ತುಂಬಾ ಗ್ರೀಸಾಯಿತು.

ಬೇಕರಿಯವನ ಬಳಿ ಎರಡು ನಾಯಿಗಳು. ರಾಜ ಮತ್ತು ಮಂತ್ರಿ. ಆಳಾಳೆತ್ತರಕ್ಕೆ ನೆಗೆಯುವ ಕಂದು ನಾಯಿಗಳು. ಒಂದು ದಿನ ಗೋಡೆ ಹಾರಿ ಬಂದು ಹಿತ್ತಲಲ್ಲಿದ್ದ ಹಳೆ ಸೀಟನ್ನು ಚಿಂದಿ ಮಾಡಿ ಹೋದವು. ಸೈಕಲ್‌ನವನು ನಕ್ಕು ಸುಮ್ಮನಾದ. ಇನ್ನೊಂದು ದಿನ ಮೊಲದ ಗೂಡನ್ನು ಸುತ್ತುತ್ತಾ ಜಾಲರಿ ಕೆರೆದವು. ಅವನು ಗೋಡೆಯ ಮೇಲಿಂದ ಇಣುಕಿ ಹೇಳಿದ.

"ಏನಪ್ಪಾ, ನಿನ್ನ ನಾಯಿಗಳು ನಮ್ಮ ಮೊಲಕ್ಕೆ ಗಂಟು ಬಿದ್ದಿವೆಯಲ್ಲ."

"ಅಯ್ಯೋ, ಅವು ಏನೂ ಮಾಡಲ್ಲ ಕಣಣ್ಣ. ಆಟ ಆಡ್ತವೆ ಅಷ್ಟೆ!"

ಪಕ್ಕದ ಮನೆಯವನ ಜೊತೆ ಯಾಕೆ ನಿಷ್ಠುರ ಎಂದು ಅವನು ಮತ್ತೆ ಮಾತೆತ್ತಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಮಧ್ಯಾಹ್ನ ಅವನು ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾಗ ಹಿತ್ತಲಿನಿಂದ ಅಮ್ಮನ ಕೂಗು ಕೇಳಿತು. ಪಂಪು ಹಿಡಿದೇ ಓಡಿದ. ಗೂಡು ಮಗುಚಿ ಬಿದ್ದಿತ್ತು. ರಾಜ ಜಾಲರಿಗೆ ಬಾಯಿ ಹಾಕಿ ಎಳೆಯುತ್ತಿತ್ತು. ಮಂತ್ರಿ ಬೊಗಳುತ್ತಾ ಸುತ್ತುತ್ತಿತ್ತು. ಅಮ್ಮ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು, ಗೂಡಿನ ಬಾಗಿಲಿಗೆ ತಮ್ಮ ಬಲಗೈ ಅಡ್ಡ ಹಿಡಿದಿದ್ದರು. ಮಣಿಕಟ್ಟಿನ ಮೇಲೆ ರಾಜನ ಹಲ್ಲು ತರಚಿ ರಕ್ತ ಜಿನುಗುತ್ತಿತ್ತು.

ಅವನು ಪಂಪನ್ನು ನೆಲಕ್ಕೆ ಕುಟ್ಟಿ ಅಬ್ಬರಿಸಿದ ಮೇಲೆ ನಾಯಿಗಳು ಗೋಡೆ ಹಾರಿದವು. ಮಸಿ ಹುಲ್ಲಿನಡಿ ನಡುಗುತ್ತಿತ್ತು. ಹತ್ತಿ ಮೂಲೆಯಲ್ಲಿ ಕಣ್ಣು ತೆರೆದೇ ಮಲಗಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಉಸಿರು ಮಾತ್ರ ಇರಲಿಲ್ಲ.

ಅವನು ಹತ್ತಿಯನ್ನು ಎತ್ತಿಕೊಂಡು ಪಕ್ಕದ ಮನೆಯ ಬಾಗಿಲು ದಬದಬ ಬಡಿದ. ಬೇಕರಿಯವನು ನಿದ್ದೆಯಿಂದ ಎದ್ದು ಬಂದ. ಕೆನ್ನೆಯ ಮೇಲೆ ದಿಂಬಿನ ಗೆರೆ.

"ನೋಡು! ನಿನ್ನ ನಾಯಿಗಳ ಆಟ ನೋಡು!"

ಬೇಕರಿಯವನು ಗಾಬರಿಯಾದ. ಆಮೇಲೆ ಮೊಲವನ್ನು ಹಿಂದೆ ಮುಂದೆ ನೋಡಿದ. "ಗಾಯಾನೇ ಇಲ್ವಲ್ಲ ಅಣ್ಣ. ಮುಟ್ಟೇ ಇಲ್ಲ ನಮ್ಮ ನಾಯಿ. ಸುಮ್ಮಸುಮ್ನೆ ಅಪವಾದ ಹೊರಿಸ್ಬೇಡ."

"ಅಪವಾದಾನಾ? ನಮ್ಮಮ್ಮನ ಕೈ ಬಂದು ನೋಡು! ಇನ್ನೊಂದ್ಸಲ ಗೋಡೆ ಹಾರ್ಲಿ, ಜೀವಂತ ವಾಪಸ್ ಬಂದ್ರೆ ಕೇಳು!"

ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಅವನು ಮನೆಗೆ ಬರುವಷ್ಟರಲ್ಲಿ ಹೆಂಡತಿ ಅತ್ತೆಯ ಕೈಗೆ ಬಟ್ಟೆ ಸುತ್ತಲು ಹೊರಟಿದ್ದಳು. ಅಷ್ಟರಲ್ಲಿ ತಂಗಿಗೂ ಫೋನು ಮಾಡಿದ್ದಳು.

"ಅಕ್ಕಾ, ಬಟ್ಟೆ ಗಿಟ್ಟೆ ಏನೂ ಕಟ್ಬೇಡ," ತಂಗಿ ಫೋನಿನಲ್ಲೇ ಕೂಗಿದಳು. "ಮೊದಲು ನಲ್ಲಿ ಕೆಳಗೆ ಕೈ ಹಿಡಿಸು. ಸೋಪು ಹಾಕಿ ತೊಳೆ. ಒಂದೆರಡು ನಿಮಿಷ ಸಾಲಲ್ಲ, ಪೂರ್ತಿ ಹದಿನೈದು ನಿಮಿಷ ತೊಳೀಬೇಕು. ತೊಳೆದು ನೇರ ಆಸ್ಪತ್ರೆಗೆ ಹೋಗಿ."

"ಬರೀ ತರಚಿದೆ ಕಣೆ."

"ತರಚಿದ್ರೂ ಅಷ್ಟೇ, ಕಚ್ಚಿದ್ರೂ ಅಷ್ಟೇ. ಆ ನಾಯಿಗೆ ಚುಚ್ಚುಮದ್ದು ಆಗಿದೆಯೋ ಇಲ್ವೋ ಯಾರಿಗೆ ಗೊತ್ತು? ಹುಚ್ಚುನಾಯಿ ರೋಗ ಶುರುವಾದ ಮೇಲೆ ಔಷಧಿ ಇಲ್ಲ. ಶುರುವಾಗೋ ಮುಂಚೆ ಮಾತ್ರ ಇದೆ."

ಅಂದೇ ಅಮ್ಮನಿಗೆ ಮೊದಲ ಚುಚ್ಚುಮದ್ದಾಯಿತು. ಡಾಕ್ಟರು ಮುಂದಿನ ಚುಚ್ಚುಮದ್ದುಗಳ ದಿನಾಂಕ ಹೇಳಿ, ಒಂದನ್ನೂ ತಪ್ಪಿಸಬಾರದು ಎಂದರು.  ಅಮ್ಮ ಮನೆಗೆ ಬಂದವರೇ ಮಸಿಯ ಗೂಡಿನ ಮುಂದೆ ಕೂತರು. ಮಸಿ ಹೊರಗೆ ಬರಲಿಲ್ಲ, ಹುಲ್ಲು ಮುಟ್ಟಲಿಲ್ಲ. ಅಮ್ಮನ ಬಲಗೈ ಮತ್ತೆ ಮುಷ್ಟಿಯಾಗಿತ್ತು.

ಆ ಮುಷ್ಟಿ ನೋಡಿ ಸೈಕಲ್‌ನವನ ತಲೆ ಕೆಟ್ಟಿತು. ಮಾರನೆಯ ದಿನ ಪೇಟೆಗೆ ಹೋಗಿ ಒಂದು ಪೊಟ್ಟಣ ತಂದ. ಅಂಗಡಿಯಲ್ಲಿ ಪಂಕ್ಚರ್ ಸಾಮಾನಿನ ಡಬ್ಬದಲ್ಲಿ ಬಚ್ಚಿಟ್ಟ.

ಸಂಜೆ ನಾದಿನಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದಳು. ಅವಳ ಸ್ಕೂಟರಿನ ಮಿರರ್ ಸಡಿಲವಾಗಿತ್ತು. "ಭಾವ, ಸ್ಪ್ಯಾನರ್ ಕೊಡಿ" ಎಂದವಳು ತಾನೇ ಡಬ್ಬಕ್ಕೆ ಕೈ ಹಾಕಿದಳು. ಕೈಗೆ ಪೊಟ್ಟಣ ಸಿಕ್ಕಿತು.

"ಇದೇನು ಭಾವ?"

"ಇಲಿ ಪಾಷಾಣ. ಇಲಿ ಕಾಟ ಜಾಸ್ತಿಯಾಗಿದೆ."

"ಹೌದಾ? ಎಷ್ಟು ದೊಡ್ಡ ಇಲಿ? ಗೋಡೆ ಹಾರಿ ಬರೋ ಇಲೀನಾ? ಕುತ್ತಿಗೆಗೆ ಬೆಲ್ಟ್ ಹಾಕ್ಕೊಂಡಿರುತ್ತಾ?"

ಅವನು ತಲೆ ತಗ್ಗಿಸಿದ. ಅವಳು ನಗಲಿಲ್ಲ. ಟೈರಿನ ರಾಶಿಯ ಮೇಲೆ ಕೂತಳು.

"ಭಾವ, ವಿಷ ತಿಂದ ನಾಯಿ ಹೇಗೆ ಸಾಯುತ್ತೆ ನೋಡಿದ್ದೀರಾ? ನಾನು ನೋಡಿದ್ದೀನಿ. ಗಂಟೆಗಟ್ಟಲೆ ಒದ್ದಾಡುತ್ತೆ. ಅಷ್ಟೊತ್ತೂ ಯಜಮಾನ ಎಲ್ಲಿ ಅಂತ ಬಾಗಿಲ ಕಡೆ ನೋಡ್ತಿರುತ್ತೆ. ಎಷ್ಟೋ ಸಲ ಯಾವ ನಾಯಿಗೆ ಅಂತ ಇಟ್ಟಿರ್ತಾರೋ ಅದು ತಿನ್ನಲ್ಲ. ಬೇರೆ ಯಾರದೋ ಬೆಕ್ಕು ತಿನ್ನುತ್ತೆ. ಅಂಬೆಗಾಲಿಡೋ ಮಗು ಬಾಯಿಗೆ ಹಾಕ್ಕೊಂಡ್ರೆ? ಆಮೇಲೆ ಪೊಲೀಸು, ಕೇಸು ಬೇರೆ. ಸಿಟ್ಟಲ್ಲಿ ಕೊಯ್ದ ಮೂಗು ಸಮಾಧಾನ ಆದ್ಮೇಲೆ ಬರುತ್ತಾ?"

"ಮತ್ತೆ ಇನ್ನೇನು ಮಾಡ್ಲಿ? ಹೇಳಿ ನೋಡಿದೆ. ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯ್ತು. ಮುಟ್ಟೇ ಇಲ್ಲ ಅಂತಾನೆ!"

"ಮುಟ್ಟದೇ ಇರಬಹುದು. ಮೊಲದ ಗುಂಡಿಗೆ ಬಹಳ ಸೂಕ್ಷ್ಮ ಭಾವ, ಹೆದರಿಕೆಗೇ ನಿಂತು ಹೋಗುತ್ತೆ. ಅದು ಅವನಿಗೂ ಗೊತ್ತಿಲ್ಲ, ನೀವೂ ಹೇಳ್ಲಿಲ್ಲ. ಮೊದಲನೇ ಸಲ ಗೋಡೆ ಮೇಲಿಂದ ಒಂದು ಮಾತು ಎಸೆದ್ರಿ. ಎರಡನೇ ಸಲ ಕೂಗಾಡಿದ್ರಿ. ಕೂತು ಮಾತಾಡಿದ್ದು ಯಾವಾಗ?"

"ಕೂತು ಮಾತಾಡಿದ್ರೂ ಕೇಳ್ದೇ ಹೋದ್ರೆ?"

"ಆಗ ನಗರಸಭೆಗೆ, ಪಂಚಾಯ್ತಿಗೆ, ಯಾರಿಗೆ ಕೊಡ್ಬೇಕೋ ಅವರಿಗೆ ದೂರು ಕೊಡೋಣ. ಗೂಡಿನ ಫೋಟೋ, ಅತ್ತೆ ಕೈ ಫೋಟೋ ತೆಗೆದಿಟ್ಕೊಳ್ಳಿ. ನಾನೇ ಜೊತೆಗೆ ಬರ್ತೀನಿ. ಆದ್ರೆ ಅದು ಮೊದಲನೇ ಮೆಟ್ಟಿಲಲ್ಲ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಗೂಡನ್ನ ನೆಲದ ಮೇಲೆ ಇಟ್ಟಿದ್ದೀರಿ, ಜಾಲರಿ ತೆಳು, ಮೊಲ ಬಚ್ಚಿಟ್ಕೊಳ್ಳೋಕೆ ಒಳಗೆ ಒಂದು ಪೆಟ್ಟಿಗೇನೂ ಇಲ್ಲ. ತಂದುಕೊಟ್ಟ ನಾನು ಒಂದು ದಿನ ಬಂದು ನೋಡ್ಬೇಕಿತ್ತು. ಅದು ನನ್ನ ತಪ್ಪೂ ಹೌದು."

ಅವನು ಕೈಯಲ್ಲಿದ್ದ ಚೈನನ್ನು ಪಕ್ಕಕ್ಕಿಟ್ಟ. ಆಮೇಲೆ, "ನಡಿ, ಅದೂ ಆಗಿಬಿಡ್ಲಿ" ಎಂದು ಎದ್ದ.

ಒಳಗಿನಿಂದ ಅಮ್ಮನ ದನಿ ಬಂತು. "ನಾನೂ ಬರ್ತೀನಿ. ಕಚ್ಚಿಸ್ಕೊಂಡೋಳು ನಾನು, ಮಾತಾಡೋಕೆ ನೀವಾ?"

ಬೇಕರಿಯವನು ಬಾಗಿಲು ತೆರೆದಾಗ ಜಗಳಕ್ಕೆ ಸಿದ್ಧನಾಗಿಯೇ ನಿಂತಿದ್ದ. ಗೋಡೆಗೊರಗಿ ನಿಂತ ಅಮ್ಮನನ್ನು ಕಂಡು ಅವನ ಹುಬ್ಬು ಇಳಿಯಿತು. ಓಡಿ ಹೋಗಿ ಕುರ್ಚಿ ತಂದ. ಒಳಗೆ ಎರಡು ನಾಯಿಗಳೂ ಕಿಟಕಿ ಸರಳಿಗೆ ಗಿಡ್ಡ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡು ಕುಂಯ್‌ಗುಡುತ್ತಿದ್ದವು.

ಸೈಕಲ್‌ನವನು ದನಿ ಏರಿಸದೆ ನಡೆದದ್ದನ್ನು ಹೇಳಿದ. ಹೆದರಿದರೆ ಮೊಲ ಹೇಗೆ ಸಾಯುತ್ತದೆ ಎಂಬುದನ್ನು ನಾದಿನಿ ವಿವರಿಸಿದಳು. ಅಮ್ಮ ಮಾತ್ರ ಕೈ ಮುಂದೆ ಚಾಚಿದರು.

"ನೋಡಪ್ಪಾ. ಈ ಬೆರಳು ಬಿಚ್ಚಿಸಿದ್ದು ಡಾಕ್ಟರಲ್ಲ, ಆ ಎರಡು ಮೊಲ. ಈಗ ಒಂದು ಹೋಯ್ತು. ಇನ್ನೊಂದು ಅನ್ನ ನೀರು ಬಿಟ್ಟು ಕೂತಿದೆ. ನಿನ್ನ ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವಕ್ಕೇನು ಗೊತ್ತಾಗುತ್ತೆ? ಗೊತ್ತಾಗ್ಬೇಕಾಗಿರೋದು ನಿನಗೆ."

ಬೇಕರಿಯವನು ಅವರ ಮಣಿಕಟ್ಟಿನ ಗಾಯ ನೋಡಿದ.  ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

"ಇವನ್ನ ನೋಡ್ಕೊಳ್ತಿದ್ದಿದ್ದು ನನ್ನ ಹೆಂಡ್ತಿ, ಅಮ್ಮಾ. ದಿನಾ ಎರಡು ಹೊತ್ತು ಹೊರಗೆ ಸುತ್ತಾಡಿಸ್ಕೊಂಡು ಬರೋಳು. ಅವಳಪ್ಪ ಹಾಸಿಗೆ ಹಿಡಿದು ಅವಳು ತವರಿಗೆ ಹೋದ್ಮೇಲೆ ಎಲ್ಲ ಕೆಟ್ಟೋಯ್ತು. ನಾನು ಬೆಳಗಿನ ಜಾವವೇ ಎದ್ದು ಒಲೆ ಹಚ್ಚೋಕೆ ಹೋಗೋನು. ಮಧ್ಯಾಹ್ನ ಬಂದ್ರೆ ಹೆಣದ ಹಾಗೆ ಬೀಳ್ತೀನಿ. ಗೇಟಿನ ಚಿಲಕ ಮುರಿದು ಎಷ್ಟೋ ದಿನ ಆಯ್ತು. ಇವು ಬೀದಿಗೂ ಓಡ್ತವೆ, ನಿಮ್ಮ ಗೋಡೇನೂ ಹಾರ್ತವೆ. ನನಗೂ ಗೊತ್ತಿತ್ತು. ಏನೂ ಮಾಡಲ್ಲ, ಏನೂ ಮಾಡಲ್ಲ ಅಂತ ಎಲ್ಲರಿಗೂ ಹೇಳ್ತಾ ಹೇಳ್ತಾ ನಾನೇ ನಂಬ್ಕೊಂಡ್ಬಿಟ್ಟೆ."

"ಚುಚ್ಚುಮದ್ದು ಹಾಕ್ಸಿದ್ದೀರಾ?" ನಾದಿನಿ ಕೇಳಿದಳು.

"ಮರಿ ಇದ್ದಾಗ ಒಂದ್ಸಲ ಹಾಕ್ಸಿದ್ವಿ."

"ಅದು ಸಾಲಲ್ಲ. ತಪ್ಪದೆ ವರ್ಷ ವರ್ಷ ಹಾಕಿಸ್ಬೇಕು. ಈಗ ಮೊದಲು ರಾಜನನ್ನ ಹತ್ತು ದಿನ ಮನೆಯೊಳಗೇ ಇಟ್ಕೊಂಡು ಗಮನಿಸಿ. ಸಪ್ಪಗಾದ್ರೆ, ಜೊಲ್ಲು ಸುರಿಸಿದ್ರೆ, ಮೇಲೆ ಬಿದ್ದು ಕಚ್ಚೋಕೆ ಬಂದ್ರೆ ತಕ್ಷಣ ನನಗೆ ಫೋನ್ ಮಾಡಿ. ನಾಯಿ ಚೆನ್ನಾಗೇ ಇದ್ರೂ ಅತ್ತೆ ಚುಚ್ಚುಮದ್ದು ಮಾತ್ರ ಡಾಕ್ಟರು ಹೇಳೋ ತನಕ ನಿಲ್ಸಲ್ಲ. ಆಮೇಲೆ ಎರಡಕ್ಕೂ ಚುಚ್ಚುಮದ್ದು ಹಾಕಿ, ಮರಿಯಾಗದ ಆಪರೇಷನ್ನೂ ಮಾಡ್ಸೋಣ. ಅಲೆಯೋ ಚಪಲ ಎಷ್ಟೋ ಕಡಿಮೆಯಾಗುತ್ತೆ. ಇನ್ನೊಂದು, ಹೀಗೆ ದಿನವಿಡೀ ಗಿಡ್ಡ ಹಗ್ಗದಲ್ಲಿ ಕಟ್ಟಿ ಹಾಕ್ಬೇಡಿ. ಕಟ್ಟಿದಷ್ಟೂ ರೇಗ್ತವೆ. ದಿನಾ ಎರಡು ಹೊತ್ತು ಬೆಲ್ಟ್ ಹಿಡಿದು ನಡೆಸಿದ್ರೆ ಅರ್ಧ ತುಂಟತನ ಇಳಿಯುತ್ತೆ."

"ಒಂದು ಹೊತ್ತು ನಾನು ನಡೆಸ್ತೀನಿ," ಎಂದ ಸೈಕಲ್‌ನವನು. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ನಾದಿನಿ ಅವನನ್ನು ಓರೆಗಣ್ಣಿನಿಂದ ನೋಡಿದಳು.

ಮರುದಿನವೇ ಅವನು ಹಳೆ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗು ಹಾಕಿ, ತಾನಾಗಿ ಮುಚ್ಚಿಕೊಳ್ಳುವ ಹಾಗೆ ಪಕ್ಕದ ಮನೆಯ ಗೇಟು ರಿಪೇರಿ ಮಾಡಿದ. ಇಬ್ಬರೂ ಸೇರಿ ಗೋಡೆಯ ಮೇಲೆ ಎತ್ತರಕ್ಕೆ ತಂತಿ ಬಲೆ ಕಟ್ಟಿದರು. ಮೊಲದ ಗೂಡಿಗೆ ಕಾಲು ಬಂತು, ಗಟ್ಟಿ ಜಾಲರಿ ಬಂತು, ಒಳಗೆ ಅಡಗಿಕೊಳ್ಳಲು ಮರದ ಪೆಟ್ಟಿಗೆ ಬಂತು. ವಿಷದ ಪೊಟ್ಟಣ, ಕೊಂಡು ತಂದಿದ್ದ ಅಂಗಡಿಗೇ ವಾಪಸ್ ಹೋಯಿತು.

ಮಸಿ ಆ ಪೆಟ್ಟಿಗೆಯಲ್ಲಿ ಮುದುಡಿ ಕೂತೇ ಇತ್ತು. ನಾದಿನಿ ಬಂದು ಬಂದು ಸಿರಿಂಜಿನಲ್ಲಿ ಗಂಜಿ ಕುಡಿಸಿ ಹೋದಳು. ಅಮ್ಮ ಬಾಗಿಲು ತೆರೆದಿಟ್ಟು, ಬಲಗೈ ಒಳಗಿಟ್ಟುಕೊಂಡು, ಏನೇನೋ ಮಾತಾಡುತ್ತಾ ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ಮಸಿ ತೆವಳಿಕೊಂಡು ಬಂದು ಬಿಚ್ಚಿಕೊಂಡಿದ್ದ ಅವರ ಅಂಗೈ ಮೂಸಿತು. ಅಲ್ಲಿದ್ದ ಎಲೆಯ ತುದಿ ಕಚ್ಚಿ ಕಟಕಟ ತಿಂದಿತು. "ಬಂದ್ಯಾ ನನ್ ಬಂಗಾರಿ" ಎಂದು ಅಮ್ಮ ಅತ್ತುಬಿಟ್ಟರು.

ರಾಜನಿಗೆ ಏನೂ ಆಗಲಿಲ್ಲ. ಹತ್ತು ದಿನ ಕಳೆದು ಚುಚ್ಚುಮದ್ದಾಯಿತು, ಮುಂದೆ ಆಪರೇಷನ್ನೂ ಆಯಿತು. ಅಂದು ಬೇಕರಿಯವನಿಗೆ ರಜೆ ಸಿಕ್ಕಲಿಲ್ಲ. ಸೈಕಲ್‌ನವನೇ ಪಶು ಆಸ್ಪತ್ರೆಗೆ ಹೋಗಿ ಕಾದು ಕೂತ. ಮತ್ತಿನ್ನೂ ಪೂರ್ತಿ ಇಳಿಯದ ನಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಆಟೋದಿಂದ ಇಳಿದ. ರಾಜನ ಭಾರದ ತಲೆ ಅವನ ಭುಜದ ಮೇಲೆ ಒರಗಿತ್ತು. ಬಿಸಿ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಈ ಜೀವಕ್ಕೇ ಅಲ್ಲವೇ ತಾನು ವಿಷ ತಂದದ್ದು ಎಂದು ನೆನಪಾಗಿ ಅವನ ಕಾಲುಗಳು ಅಲ್ಲೇ ನಿಂತವು. ನಾಯಿ ಅರೆಗಣ್ಣು ತೆರೆದು, ಯಾರೆಂದು ನೋಡಿ, ಬಾಲವನ್ನು ಒಂದೇ ಒಂದು ಸಲ ಅಲ್ಲಾಡಿಸಿ ಮತ್ತೆ ಮಲಗಿತು. ಅವನು ಅದನ್ನು ಇನ್ನಷ್ಟು ಮೆಲ್ಲಗೆ ಅಪ್ಪಿಕೊಂಡು ಬೇಕರಿಯವನ ಮನೆಯ ಮೆಟ್ಟಿಲು ಹತ್ತಿದ.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ಇಂದೇ ಎದ್ದು ಹೋಗಿ ಗೇಟಿನ ಚಿಲಕ ನೋಡಿ. ವರ್ಷ ವರ್ಷ ಚುಚ್ಚುಮದ್ದು ಹಾಕಿಸಿ, ದಿನಾ ಬೆಲ್ಟ್ ಹಿಡಿದು ನಡೆಸಿ. ಮನೆಯವರ ಮುಂದೆ ಸಾಧುವಾಗಿರುವ ನಾಯಿ ಮೊಲದ ಮುಂದೆ, ಬೆಕ್ಕಿನ ಮುಂದೆ ಹಾಗೇ ಇರುತ್ತದೆ ಎಂದು ನಂಬಿ ಕೂರಬೇಡಿ. ಪಕ್ಕದ ಮನೆಯ ನಾಯಿಯಿಂದ ನಿಮಗೆ ತೊಂದರೆಯಾದರೆ ಮೊದಲನೇ ದಿನವೇ ಹೋಗಿ, ಕೂತು ಮಾತಾಡಿ. ನಿಮ್ಮ ಸಾಕುಪ್ರಾಣಿಯ ಗೂಡು ಭದ್ರಮಾಡಿ. ಮಾತಿಗೆ ಬಗ್ಗದಿದ್ದರೆ ದೂರು ಕೊಡಿ, ಅದು ನಿಮ್ಮ ಹಕ್ಕು. ನಾಯಿ ಕಚ್ಚಿದರೆ, ತರಚಿದರೂ ಸರಿ, ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಆದರೆ ವಿಷಕ್ಕೆ ಮಾತ್ರ ಕೈ ಹಾಕಬೇಡಿ. ವಿಷಕ್ಕೆ ತಪ್ಪು ಮಾಡಿದವರು ಯಾರು, ಮಾಡದವರು ಯಾರು ಎಂಬುದು ತಿಳಿಯುವುದಿಲ್ಲ. ಮಾತಿಗೆ ತಿಳಿಯುತ್ತದೆ. ಹೋಗಿ, ಪಕ್ಕದ ಮನೆಯ ಬಾಗಿಲು ತಟ್ಟಿ.