ಸಮಿತಿಯ ಮುಂದೆ ಯೊಲಾಂಡಾ

ವಯಸ್ಕರ ಚಿತ್ರಗಳಲ್ಲಿ ನಟಿಸಲು ಹದಿನೆಂಟು ಸಾಲದು, ಇಪ್ಪತ್ತೊಂದು ತುಂಬಿರಲೇಬೇಕು ಎಂಬ ಮಸೂದೆ ಬಂದಾಗ, ಶಾಸಕರ ಸಮಿತಿಯ ಮುಂದೆ ಅದರ ಪರವಾಗಿ ಮಾತಾಡಲು ಯೊಲಾಂಡಾ ರಾಜಧಾನಿ ಸ್ಯಾಕ್ರಮೆಂಟೊಗೆ ಹೊರಟಳು. ಅಂಥ ಚಿತ್ರ ತೆಗೆಯುವ ವ್ಯಾನ್ ನೈಸ್‌ನ ಸ್ಟುಡಿಯೊಗಳಲ್ಲಿ ಅವಳಿಗೆ ಮೊದಲಿನಿಂದಲೂ ಮೇಕಪ್ ಮಾಡಿದವಳು ನಾನು. ಅವತ್ತು ಕಾರು ಓಡಿಸಿದವಳೂ ನಾನೇ.

ದಾರಿಯುದ್ದಕ್ಕೂ ಟಾಕೊ ತಿನ್ನುತ್ತ ಭಾಷಣ ಉರು ಹೊಡೆದಳು.

"ಲೇ ಬರ್ನಿಸ್, ನಾನೇನಾದ್ರೂ ಎಡವಟ್ಟು ಮಾಡಿದ್ರೆ ಹಿಂದಿನಿಂದ ಕೆಮ್ಮು."

"ಹಾಗಾದ್ರೆ ನಂಗೆ ಗಂಟಲು ನೋವು ಗ್ಯಾರಂಟಿ," ಅಂದೆ.

ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿಕೊಂಡು, "ಮೊದಲು ಹೆಸರು, ವಯಸ್ಸು ಹೇಳಿ ಮೇಡಂ," ಅಂದರು.

ಮೈಕ್ ಕಂಡದ್ದೇ ಯೊಲಾಂಡಾಳ ಕತ್ತು ಓರೆಯಾಯಿತು, ತುಟಿಯಲ್ಲಿ ನಗು ಬಂತು.

"ಯೊಲಾಂಡಾ. ಹತ್ತೊಂಬತ್ತು."

ನಾನು ಕೆಮ್ಮಿದೆ. ತಡವಾಗಿತ್ತು. ಮೂವತ್ತೆಂಟರ ಹೆಂಗಸನ್ನು ನೋಡಿ ಸಭೆಯೆಲ್ಲ ಗೊಳ್ಳೆಂದಿತು. ಇವರಿಗೇನು ಗೊತ್ತು? ನಮ್ಮ ಕಸುಬಿನಲ್ಲಿ ಗುರುತಿನ ಚೀಟಿ ಏನೇ ಹೇಳಲಿ, ಕ್ಯಾಮೆರಾ ಮುಂದೆ ವಯಸ್ಸು ಕೇಳಿದರೆ ಎಲ್ಲರೂ ಹೇಳುವುದು ಹತ್ತೊಂಬತ್ತೇ.

ಯೊಲಾಂಡಾ ತಾನೂ ನಕ್ಕು, ಉರು ಹೊಡೆದಿದ್ದ ಭಾಷಣವನ್ನು ಮಡಚಿ ಚೀಲಕ್ಕೆ ತುರುಕಿದಳು.

"ಅಭ್ಯಾಸಬಲ ಸ್ವಾಮಿ. ಹತ್ತೊಂಬತ್ತಕ್ಕೆ ಮೊದಲ ಕರಾರಿಗೆ ಸಹಿ ಹಾಕಿದೆ. ಆಮೇಲೆ ಇಪ್ಪತ್ತಾಗೋಕೆ ನನ್ನನ್ನ ಯಾರೂ ಬಿಡಲೇ ಇಲ್ಲ."